ಕೈ ನಂದೇ, ಎತ್ತಿದ್ದು ನಾನಲ್ಲ: ಸ್ಕಿಜೋಫ್ರೇನಿಯಾ, ಮೈಯ ಅರಿವು ಮತ್ತು ವಿಆರ್

ನಮ್ಮ ದೊಡ್ಡಮ್ಮನ ಮಗನನ್ನು ನಾವೆಲ್ಲ ಅಣ್ಣ ಅಂತಲೇ ಕರೆಯುವುದು. ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ಬೇಸಿಗೆ ರಜೆಗೆ ಅವರ ಮನೆಗೆ ಹೋಗಿದ್ದೆ. ರಾತ್ರಿ ಊಟಕ್ಕೆ ಕೂತಿದ್ದೆವು. ನೀರಿನ ಲೋಟ ಎತ್ತಿದ ಅಣ್ಣ ಅದನ್ನು ಬಾಯಿಯ ಹತ್ತಿರ ಒಯ್ಯುವ ಮೊದಲೇ ನಿಂತುಬಿಟ್ಟ. ಲೋಟ ಹಿಡಿದ ಕೈಯನ್ನೇ ನೋಡುತ್ತಾ ಕೂತ. "ಏನೋ ಅದು, ಕುಡಿಯೋ" ಅಂದರು ದೊಡ್ಡಮ್ಮ.

"ಕೈ ನಂದೇ ಅಮ್ಮ. ಎತ್ತಿದ್ದು ನಾನಲ್ಲ" ಅಂದ.

ದೊಡ್ಡಮ್ಮನಿಗೆ ಅದು ನಾಟಕ ಅನ್ನಿಸಿತು. ದೊಡ್ಡಪ್ಪನಿಗೆ ಗಾಬರಿ. ನೆಂಟರಲ್ಲಿ ಒಬ್ಬರು ಮಾಟ ಅಂದರು, ಇನ್ನೊಬ್ಬರು ಮೈಮೇಲೆ ಏನೋ ಬರುತ್ತಿದೆ ಅಂದರು. ಮನೋವೈದ್ಯರಿಗೆ ತೋರಿಸಿ, ಇದು ಸ್ಕಿಜೋಫ್ರೇನಿಯಾ ಅಂತ ಗೊತ್ತಾಗುವಷ್ಟರಲ್ಲಿ ಎರಡು ವರ್ಷ ಕಳೆದಿತ್ತು.

ಆ ಮಾತನ್ನು ಇವತ್ತು ಬಿಡಿಸಿ ನೋಡಿದರೆ ಅದರಲ್ಲಿ ಎರಡು ತುಂಡು ಕಾಣುತ್ತವೆ. "ಕೈ ನಂದೇ" ಅನ್ನುವುದು ಒಂದು. "ಎತ್ತಿದ್ದು ನಾನಲ್ಲ" ಅನ್ನುವುದು ಇನ್ನೊಂದು. ನಮಗೆ ಈ ಎರಡೂ ಯಾವಾಗಲೂ ಜೊತೆಗೇ ಬರುತ್ತವೆ, ಹಾಗಾಗಿ ಎರಡೂ ಒಂದೇ ಅಂದುಕೊಂಡಿರುತ್ತೇವೆ. ನನ್ನ ಕೈ ಎದ್ದರೆ ಎತ್ತಿದ್ದು ನಾನೇ, ಅಲ್ವಾ? ರಬ್ಬರ್ ಕೈ, ರೋಬೋಟ್ ಕೈ, ವಿಆರ್ (ವರ್ಚುವಲ್ ರಿಯಾಲಿಟಿ, ಕಂಪ್ಯೂಟರ್ ಕಟ್ಟಿದ ಲೋಕವನ್ನು ಕಣ್ಣ ಮುಂದೆ ತರುವ ತಂತ್ರ) ಹೆಡ್‌ಸೆಟ್‌ನೊಳಗಿನ ಕೈ ಇವನ್ನೆಲ್ಲ ಹಿಡಿದುಕೊಂಡು ವಿಜ್ಞಾನಿಗಳು ಎರಡು ದಶಕಕ್ಕೂ ಜಾಸ್ತಿ ಕಾಲ ಈ ಎರಡರ ನಡುವಿನ ಗೆರೆಯನ್ನು ಹುಡುಕಿದ್ದಾರೆ. ದಾರಿಯಲ್ಲಿ ಒಂದು ಸಲ ಎಡವಿದ್ದೂ ಇದೆ. ಆ ಕಥೆಯನ್ನೇ ಇಲ್ಲಿ ಹೇಳುತ್ತಿದ್ದೇನೆ.

ಹೆಸರು ಕಟ್ಟಿದ ತಪ್ಪು ಚಿತ್ರ

ಮೊದಲು ಒಂದು ಗೊಂದಲ ಕಳೆದುಬಿಡೋಣ. ಸ್ಕಿಜೋಫ್ರೇನಿಯಾ ಅಂದರೆ ಒಬ್ಬ ಮನುಷ್ಯನೊಳಗೆ ಇಬ್ಬರು ಇರುವುದಲ್ಲ. ಸಿನಿಮಾಗಳು ತೋರಿಸುವ ಆ "ಎರಡು ಮುಖ" ಬೇರೆಯದೇ ವಿಷಯ. 1908ರಲ್ಲಿ ಸ್ವಿಟ್ಜರ್ಲೆಂಡಿನ ಮನೋವೈದ್ಯ ಯೂಜೆನ್ ಬ್ಲಾಯ್ಲರ್ ಗ್ರೀಕ್ ಪದಗಳನ್ನು ಜೋಡಿಸಿ ಈ ಹೆಸರು ಕೊಟ್ಟರು. ಸೀಳಿದ ಮನಸ್ಸು ಅನ್ನುವ ಅರ್ಥ ಬರುತ್ತದೆ. ಅವರು ಹೇಳಲು ಹೊರಟಿದ್ದು ಯೋಚನೆ, ಭಾವನೆ, ಇಚ್ಛೆ ಇವುಗಳ ನಡುವಿನ ಕೊಂಡಿ ಸಡಿಲವಾಗುವುದನ್ನು. ಹೆಸರು ಮಾತ್ರ ಜನರ ತಲೆಯಲ್ಲಿ ಬೇರೆ ಚಿತ್ರ ಬರೆಯಿತು.

ಇದು ಅಪರೂಪದ ಕಾಯಿಲೆಯೂ ಅಲ್ಲ. ಬೆಂಗಳೂರಿನ ನಿಮ್ಹಾನ್ಸ್ ಮುಂದಾಳತ್ವದಲ್ಲಿ 2015-16ರಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಸ್ಕಿಜೋಫ್ರೇನಿಯಾ ಮತ್ತು ಅದೇ ಗುಂಪಿನ ಕಾಯಿಲೆಗಳು ಬದುಕಿನಲ್ಲಿ ಒಮ್ಮೆಯಾದರೂ ಶೇ. 1.4ರಷ್ಟು ಜನರನ್ನು ಕಾಡುತ್ತವೆ. ಅಂದರೆ ಒಂದು ದೊಡ್ಡ ಮದುವೆ ಛತ್ರದಲ್ಲಿ ಊಟಕ್ಕೆ ಕೂತವರಲ್ಲಿ ಒಂದಿಬ್ಬರಾದರೂ ಇದನ್ನು ಕಂಡವರು ಇರುತ್ತಾರೆ.

ಯಾರೂ ಇಲ್ಲದಾಗ ಮಾತು ಕೇಳಿಸುವುದು, ಯಾರೋ ಹಿಂಬಾಲಿಸುತ್ತಿದ್ದಾರೆ ಅನ್ನುವ ಗಟ್ಟಿ ನಂಬಿಕೆ, ಇವೆಲ್ಲ ಹೆಚ್ಚು ಜನರಿಗೆ ಗೊತ್ತು. ಮೈಗೆ ಸಂಬಂಧಪಟ್ಟ ಲಕ್ಷಣಗಳ ಮಾತು ಕಮ್ಮಿ. ಜರ್ಮನಿಯ ಮನೋವೈದ್ಯ ಕುರ್ಟ್ ಶ್ನೈಡರ್ ಈ ಕಾಯಿಲೆಯನ್ನು ಗುರುತಿಸಲು ಪಟ್ಟಿ ಮಾಡಿದ ಮೊದಲ ದರ್ಜೆಯ ಲಕ್ಷಣಗಳಲ್ಲಿ ನಮ್ಮ ಅಣ್ಣ ಹೇಳಿದ್ದೂ ಇದೆ. ನನ್ನ ಕೈಕಾಲನ್ನು ಹೊರಗಿನ ಯಾವುದೋ ಶಕ್ತಿ ಆಡಿಸುತ್ತಿದೆ, ಈ ಯೋಚನೆ ನನ್ನದಲ್ಲ, ಯಾರೋ ತಲೆಗೆ ತುರುಕಿದ್ದಾರೆ ಅನ್ನಿಸುವುದು. ಡೆನ್ಮಾರ್ಕಿನ ಯೋಸೆಫ್ ಪರ್ನಾಸ್ ಮತ್ತು ಅಮೆರಿಕದ ಲೂಯಿ ಸಾಸ್ ಇನ್ನೂ ಮುಂದೆ ಹೋಗಿ, "ನಾನು" ಅನ್ನುವ ಅರಿವಿನಲ್ಲಿ ಆಗುವ ಪಲ್ಲಟವೇ ಕಾಯಿಲೆಯ ಬೇರು, ಉಳಿದ ಲಕ್ಷಣಗಳು ಅದರ ಕೊಂಬೆಗಳು ಅಂದರು. ಪರ್ನಾಸ್ ಮತ್ತು ಜೊತೆಗಾರರು 2005ರಲ್ಲಿ 57 ಅಂಶಗಳ ಒಂದು ಸಂದರ್ಶನ ಕ್ರಮವನ್ನೇ ತಯಾರಿಸಿದರು. ಅದರಲ್ಲಿ ಕನ್ನಡಿಯ ಬಗ್ಗೆಯೂ ಇದೆ. ಕೆಲವರು ಪದೇ ಪದೇ ಕನ್ನಡಿ ನೋಡಿಕೊಳ್ಳುತ್ತಾರೆ. ಚೆಂದ ಕಾಣಲಿ ಅಂತಲ್ಲ. ಮುಖ ಬದಲಾಗಿದೆಯೋ ಏನೋ, ತಾನು ತಾನೇನಾ ಅಂತ ಖಾತ್ರಿ ಮಾಡಿಕೊಳ್ಳಲು.

ಕಾರ್ಬನ್ ಕಾಪಿ ಎಲ್ಲಿ ಹೋಯಿತು?

ಈಗ ಓದುವುದನ್ನು ನಿಲ್ಲಿಸಿ ನಿಮ್ಮ ಪಕ್ಕೆಗೆ ನೀವೇ ಕಚಗುಳಿ ಇಟ್ಟುಕೊಳ್ಳಿ. ಆಗಲ್ಲ. ಮನೆಯಲ್ಲಿ ಯಾರಾದರೂ ಅಷ್ಟೇ ಮೆತ್ತಗೆ, ಅದೇ ಜಾಗ ಮುಟ್ಟಿದರೆ ಕುಣಿದಾಡುತ್ತೀರಿ. ಮುಟ್ಟಿದ್ದು ಒಂದೇ ಚರ್ಮವನ್ನು. ವ್ಯತ್ಯಾಸ ಎಲ್ಲಿಂದ ಬಂತು?

ಹಳೆಯ ಕಾಲದ ಕಿರಾಣಿ ಅಂಗಡಿ ನೆನಪಿಸಿಕೊಳ್ಳಿ. ಅಂಗಡಿಯವರು ಮಂಡಿಗೆ ಆರ್ಡರ್ ಚೀಟಿ ಬರೆಯುತ್ತಾರೆ. ಮೇಲಿನ ಹಾಳೆ ಮಂಡಿಗೆ ಹೋಗುತ್ತದೆ, ಕೆಳಗಿನ ಕಾರ್ಬನ್ ಕಾಪಿ ಪುಸ್ತಕದಲ್ಲೇ ಉಳಿಯುತ್ತದೆ. ಮೂಟೆ ಬಂದು ಇಳಿದಾಗ ಕಾಪಿ ನೋಡುತ್ತಾರೆ. ಲೆಕ್ಕ ಹೊಂದಿದರೆ "ಒಳಗೆ ಹಾಕಪ್ಪ" ಅನ್ನುತ್ತಾರೆ ಅಷ್ಟೇ, ತಲೆ ಎತ್ತುವುದೂ ಇಲ್ಲ. ಕಾಪಿಯಲ್ಲಿ ಇಲ್ಲದ ಮೂಟೆ ಬಂದರೆ? "ಇದನ್ನ ಯಾರು ತರಿಸಿದ್ದು?" ಅಂತ ಎದ್ದು ನಿಲ್ಲುತ್ತಾರೆ.

ಮೆದುಳು ಮಾಡುವುದೂ ಹೆಚ್ಚುಕಮ್ಮಿ ಇದನ್ನೇ. ಕೈ ಎತ್ತು ಅಂತ ಸ್ನಾಯುಗಳಿಗೆ ಆದೇಶ ಹೋಗುವಾಗಲೇ ಅದರ ಒಂದು ನಕಲು ಸ್ಪರ್ಶ, ನೋಟ, ಶಬ್ದಗಳನ್ನು ನೋಡಿಕೊಳ್ಳುವ ಭಾಗಗಳಿಗೂ ಹೋಗುತ್ತದೆ. ಇನ್ನೇನು ಇಂಥ ಅನುಭವ ಬರುತ್ತದೆ, ಅದು ನಮ್ಮದೇ, ಗಾಬರಿಯಾಗಬೇಡಿ ಅಂತ. ಬಂದ ಅನುಭವ ನಕಲಿಗೆ ಹೊಂದಿದರೆ ಮೆದುಳು ಅದರ ದನಿ ತಗ್ಗಿಸುತ್ತದೆ. ಅದಕ್ಕೇ ನಮ್ಮ ಕೈಯ ಕಚಗುಳಿ ಸಪ್ಪೆ. ಕಣ್ಣಿನಲ್ಲೂ ಇದನ್ನು ನೋಡಬಹುದು. ಕಣ್ಣುಗುಡ್ಡೆಯನ್ನು ಆಚೀಚೆ ಹೊರಳಿಸಿ, ಕೋಣೆ ಅಲ್ಲಾಡುವುದಿಲ್ಲ. ರೆಪ್ಪೆಯ ಮೇಲಿಂದ ಬೆರಳಿನಲ್ಲಿ ಮೆಲ್ಲಗೆ ಒತ್ತಿ, ಕೋಣೆಯೇ ಜರುಗಿದಂತೆ ಕಾಣುತ್ತದೆ. ಎರಡನೆಯದಕ್ಕೆ ಕಣ್ಣಿನ ಸ್ನಾಯುಗಳಿಗೆ ಆದೇಶ ಹೋಗಿಲ್ಲ, ಹಾಗಾಗಿ ನಕಲೂ ಇಲ್ಲ.

ಲಂಡನ್ನಿನ ಸಾರಾ ಜೇನ್ ಬ್ಲೇಕ್‌ಮೋರ್, ಡೇನಿಯಲ್ ವೋಲ್ಪರ್ಟ್, ಕ್ರಿಸ್ ಫ್ರಿತ್ 1990ರ ದಶಕದ ಕೊನೆಯಲ್ಲಿ ಕಚಗುಳಿಯನ್ನು ಪ್ರಯೋಗಾಲಯಕ್ಕೆ ತಂದರು. ಒಂದು ಕೈಯಲ್ಲಿ ರೋಬೋಟ್ ಹಿಡಿಕೆ ಆಡಿಸಬೇಕು. ಅದೇ ಚಲನೆ ಇನ್ನೊಂದು ಅಂಗೈಯ ಮೇಲೆ ಸ್ಪಂಜಿನ ತುಂಡಾಗಿ ಓಡುತ್ತದೆ. ಚಲನೆ ತಕ್ಷಣ ತಲುಪಿದರೆ ಕಚಗುಳಿ ಇಲ್ಲ. ನಡುವೆ 100, 200, 300 ಮಿಲಿಸೆಕೆಂಡ್ ತಡ ಸೇರಿಸುತ್ತಾ ಹೋದಂತೆ ತನ್ನದೇ ಕೈ ಮಾಡಿದ ಕೆಲಸಕ್ಕೂ ಕಚಗುಳಿ ಏರುತ್ತಾ ಹೋಯಿತು. ಕಣ್ಣು ಮಿಟುಕಿಸುವಷ್ಟು ಹೊತ್ತಿನ ತಡ ಸಾಕು, "ನಾನು" ಅನ್ನುವುದು "ಯಾರೋ" ಆಗತೊಡಗುತ್ತದೆ.

2000ದಲ್ಲಿ ಇದೇ ಬಳಗ ಮಾನಸಿಕ ಕಾಯಿಲೆ ಇರುವವರನ್ನು ಪರೀಕ್ಷಿಸಿತು. ದನಿ ಕೇಳಿಸುವವರಿಗೆ, ಯಾರೋ ಆಡಿಸುತ್ತಿದ್ದಾರೆ ಅನ್ನಿಸುವವರಿಗೆ ತಾವೇ ಮುಟ್ಟಿಕೊಂಡದ್ದಕ್ಕೂ ಬೇರೆಯವರು ಮುಟ್ಟಿದ್ದಕ್ಕೂ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಕಾಪಿ ಎಲ್ಲೋ ಕಳೆದುಹೋಗಿದೆ, ಇಲ್ಲವೇ ತಡವಾಗಿ ತಲುಪುತ್ತಿದೆ.

ಇದಕ್ಕಿಂತ ನನಗೆ ಇಷ್ಟವಾದ ಪ್ರಯೋಗ ಇನ್ನೊಂದಿದೆ. ಯಂತ್ರವೊಂದು ನಿಮ್ಮ ಬೆರಳನ್ನು ಇಷ್ಟು ಅಂತ ಒತ್ತುತ್ತದೆ. ಅಷ್ಟೇ ಬಲದಲ್ಲಿ ನೀವೇ ನಿಮ್ಮ ಬೆರಳನ್ನು ಒತ್ತಿಕೊಳ್ಳಬೇಕು. ನಾವೆಲ್ಲ ಇದರಲ್ಲಿ ಸೋಲುತ್ತೇವೆ. ನಮ್ಮದೇ ಒತ್ತು ನಮಗೆ ಕಮ್ಮಿ ಅನ್ನಿಸುವುದರಿಂದ ಬೇಕಾದದ್ದಕ್ಕಿಂತ ಜಾಸ್ತಿ ಒತ್ತುತ್ತೇವೆ. ಮಕ್ಕಳ ಜಗಳದಲ್ಲಿ "ಅವನು ಹೊಡೆದಷ್ಟೇ ನಾನೂ ಹೊಡೆದೆ" ಅನ್ನುವ ಇಬ್ಬರೂ ನಿಜವನ್ನೇ ಹೇಳುತ್ತಿರಬಹುದು! ಸುಖ್‌ವಿಂದರ್ ಶೆರ್‌ಗಿಲ್ ಮತ್ತು ಜೊತೆಗಾರರು 2005ರಲ್ಲಿ ಸ್ಕಿಜೋಫ್ರೇನಿಯಾ ಇರುವವರಿಗೆ ಇದನ್ನು ಮಾಡಿಸಿದಾಗ ಅವರು ನಮಗಿಂತ ಸರಿಯಾಗಿ ಒತ್ತಿದರು. ಕಾಯಿಲೆಯವರು ಎಲ್ಲದರಲ್ಲೂ ಹಿಂದೆ ಅಂತ ತೋರಿಸುವ ಪರೀಕ್ಷೆಗಳು ಬೇಕಾದಷ್ಟಿವೆ. ಗಮನ ಕಮ್ಮಿ, ಮಾತ್ರೆಯ ಮಂಪರು ಅಂತ ಅವುಗಳಿಗೆ ಬೇರೆ ಕಾರಣವನ್ನೂ ಕೊಡಬಹುದು. ಇಲ್ಲಿ ಹಾಗೆ ಹೇಳಲು ಆಗಲ್ಲ. ಮಂಪರಿನಲ್ಲಿ ಯಾರೂ ಬೇರೆಯವರಿಗಿಂತ ಕರಾರುವಾಕ್ಕಾಗಿ ಒತ್ತುವುದಿಲ್ಲ. ತನ್ನ ಒತ್ತನ್ನು ತಗ್ಗಿಸಿ ತೋರಿಸುವ ಆ ವ್ಯವಸ್ಥೆಯೇ ಅವರಲ್ಲಿ ಮೆತ್ತಗಾಗಿದೆ.

ಕೇಳಿಸುವ ದನಿಗಳಿಗೂ ಇದೇ ಲೆಕ್ಕ ಹಾಕುವವರಿದ್ದಾರೆ. ನಾವು ಮಾತಾಡುವಾಗ ನಮ್ಮದೇ ದನಿಗೆ ಮೆದುಳಿನ ಶ್ರವಣ ಭಾಗ ಸಪ್ಪಗೆ ಸ್ಪಂದಿಸುತ್ತದೆ. ಅದೇ ಮಾತನ್ನು ರೆಕಾರ್ಡ್ ಮಾಡಿ ಕೇಳಿಸಿದರೆ ಜೋರಾಗಿ ಸ್ಪಂದಿಸುತ್ತದೆ. ಅಮೆರಿಕದ ಜೂಡಿತ್ ಫೋರ್ಡ್ ಮತ್ತು ಡೇನಿಯಲ್ ಮತಲಾನ್ ಮೆದುಳಿನ ಅಲೆಗಳನ್ನು ಅಳೆದು, ಸ್ಕಿಜೋಫ್ರೇನಿಯಾ ಇರುವವರಲ್ಲಿ ಈ ತಗ್ಗಿಸುವಿಕೆ ಕಮ್ಮಿ ಅಂತ ತೋರಿಸಿದರು. ಮನಸ್ಸಿನಲ್ಲೇ ಆಡಿಕೊಂಡ ಮಾತಿಗೆ ಕಾಪಿ ಇಲ್ಲದಿದ್ದರೆ ಅದು ಹೊರಗಿನವರ ಮಾತಾಗಿ ಕೇಳಿಸಬಹುದು, ಅಲ್ವಾ?

ರಬ್ಬರ್ ಕೈಯ ಮೋಹ

"ಎತ್ತಿದ್ದು ನಾನಲ್ಲ" ಅನ್ನುವ ತುಂಡಿನ ಕಥೆ ಇದು. "ಕೈ ನಂದೇ" ಅನ್ನುವುದರ ಕಥೆ ಬೇರೆ ಕಡೆಯಿಂದ ಶುರುವಾಗುತ್ತದೆ.

1998ರಲ್ಲಿ ಮ್ಯಾಥ್ಯೂ ಬಾಟ್ವಿನಿಕ್ ಮತ್ತು ಜೊನಾಥನ್ ಕೊಹೆನ್ ಒಂದು ಆಟದಂಥ ಪ್ರಯೋಗ ಮಾಡಿದರು. ಇದನ್ನು ಮನೆಯಲ್ಲೇ ಮಾಡಬಹುದು. ರಬ್ಬರ್ ಗ್ಲೌಸಿಗೆ ಹತ್ತಿ ತುಂಬಿ ಮೇಜಿನ ಮೇಲೆ ಇಡಿ. ನಿಮ್ಮ ನಿಜವಾದ ಕೈ ಪಕ್ಕದಲ್ಲೇ ಇರಲಿ, ಆದರೆ ಕಣ್ಣಿಗೆ ಬೀಳದಂತೆ ರಟ್ಟು ಅಡ್ಡ ಇಡಿ. ಭುಜದಿಂದ ಗ್ಲೌಸಿನವರೆಗೆ ಒಂದು ಟವೆಲ್ ಹೊದಿಸಿ. ಇನ್ನೊಬ್ಬರು ಎರಡು ಪೇಂಟಿಂಗ್ ಬ್ರಶ್ ಹಿಡಿದು ನಿಜವಾದ ಕೈಗೂ ಗ್ಲೌಸಿಗೂ ಒಂದೇ ಹೊತ್ತಿಗೆ, ಒಂದೇ ಬೆರಳಿಗೆ ಸವರುತ್ತಾ ಹೋಗಲಿ. ಕಣ್ಣು ಗ್ಲೌಸಿನ ಮೇಲೇ ಇರಲಿ. ಹೆಚ್ಚಿನವರಿಗೆ ಸ್ವಲ್ಪ ಹೊತ್ತಿನಲ್ಲೇ ಬ್ರಶ್ ಸವರುತ್ತಿರುವುದು ಗ್ಲೌಸಿನ ಮೇಲೆ, ಆ ಗ್ಲೌಸೇ ನನ್ನ ಕೈ ಅನ್ನಿಸತೊಡಗುತ್ತದೆ. ಒಂದು ಬ್ರಶ್ ಮುಂದೆ ಇನ್ನೊಂದು ಹಿಂದೆ ಆದರೆ ಮೋಡಿ ಸಡಿಲವಾಗುತ್ತದೆ.

ನನ್ನ ತಂಗಿಯ ಮೇಲೆ ನಾನು ಇದನ್ನು ಮಾಡಿ ನೋಡಿದ್ದೇನೆ. ಮೂರನೇ ನಿಮಿಷಕ್ಕೆ ಗ್ಲೌಸಿನ ಮೇಲೆ ಸೌಟಿನಿಂದ ಹೊಡೆದಂತೆ ಮಾಡಿದೆ. ಅವಳು ಚೀರಿ ನಿಜವಾದ ಕೈಯನ್ನು ಎಳೆದುಕೊಂಡಳು. ಆಮೇಲೆ ಅರ್ಧ ಗಂಟೆ ನನ್ನ ಜೊತೆ ಮಾತಾಡಲಿಲ್ಲ.

ಸ್ಕಿಜೋಫ್ರೇನಿಯಾ ಇರುವವರಿಗೆ ಈ ಮೋಡಿ ಬೇಗ ಹತ್ತುತ್ತದೆ, ಜೋರಾಗಿ ಹತ್ತುತ್ತದೆ ಅಂತ 2000ದಲ್ಲಿ ಇಸ್ರೇಲಿನ ಒಂದು ತಂಡ ವರದಿ ಮಾಡಿತು. 2011ರಲ್ಲಿ ಅಮೆರಿಕದ ವಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಸೋಹಿ ಪಾರ್ಕ್ ಅವರ ತಂಡವೂ ಅದನ್ನೇ ಹೇಳಿತು. ಅಲ್ಲಿ ಭಾಗವಹಿಸಿದ ಒಬ್ಬರಿಗಂತೂ ಪ್ರಯೋಗದ ನಡುವೆಯೇ ತಾನು ಮೈಯಿಂದ ಹೊರಗೆ ಬಂದುಬಿಟ್ಟೆ ಅನ್ನಿಸಿತ್ತು. ಚಿತ್ರ ಸರಳವಾಗಿತ್ತು. ಇವರಲ್ಲಿ "ಈ ಮೈ ನನ್ನದು" ಅನ್ನುವ ಗಂಟೇ ಸಡಿಲ, ಹಾಗಾಗಿ ಯಾವ ಕೈ ಕೊಟ್ಟರೂ ಹಿಡಿಯುತ್ತಾರೆ. ಕೇಳಿದವರೆಲ್ಲ ತಲೆಯಾಡಿಸುವಂಥ ವಿವರಣೆ.

ಬೆನ್ನು ಮುಂದೆ ಬಂದಾಗ

ಇಲ್ಲಿಗೆ ವಿಆರ್ ಬಂತು. ಬ್ರಶ್ ಹಿಡಿದ ಮನುಷ್ಯನಿಂದ 150 ಮಿಲಿಸೆಕೆಂಡಿನ ತಡವನ್ನು ಪ್ರತಿ ಸಲವೂ ತಪ್ಪದೆ ಕೊಡಲು ಆಗಲ್ಲ. ಕಂಪ್ಯೂಟರಿಗೆ ಅದು ಸುಲಭ. ಕೈಯ ಬದಲು ಇಡೀ ಮೈಯನ್ನೇ ಬದಲಾಯಿಸಿ ಕೊಡುವುದೂ ಅದಕ್ಕೆ ಸುಲಭ.

2007ರಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ಬಿಗ್ನಾ ಲೆಂಗನ್‌ಹಾಗರ್, ಓಲಾಫ್ ಬ್ಲಾಂಕೆ ಮತ್ತು ಜೊತೆಗಾರರು ಮಾಡಿದ್ದು ಹೀಗೆ. ನೀವು ಹೆಡ್‌ಸೆಟ್ ಹಾಕಿ ನಿಂತಿದ್ದೀರಿ. ಎರಡು ಮೀಟರ್ ಹಿಂದೆ ಕ್ಯಾಮೆರಾ ಇದೆ. ಹಾಗಾಗಿ ನಿಮ್ಮ ಬೆನ್ನೇ ನಿಮ್ಮ ಮುಂದೆ ಎರಡು ಮೀಟರ್ ದೂರದಲ್ಲಿ ನಿಂತಂತೆ ಕಾಣುತ್ತದೆ. ಒಬ್ಬರು ಕೋಲಿನಿಂದ ನಿಮ್ಮ ಬೆನ್ನು ಸವರುತ್ತಾರೆ. ಮುಂದಿನ ಬೆನ್ನಿನ ಮೇಲೆ ಅದೇ ಹೊತ್ತಿಗೆ ಕೋಲು ಆಡುವುದು ಕಾಣುತ್ತದೆ. ಒಂದು ನಿಮಿಷ ಕಳೆದ ಮೇಲೆ ಕಣ್ಣು ಮುಚ್ಚಿಸಿ, ಹಿಂದಕ್ಕೆ ನಡೆಸಿ, "ಮೊದಲು ನಿಂತಿದ್ದ ಜಾಗಕ್ಕೆ ಹೋಗಿ" ಅನ್ನುತ್ತಾರೆ. ಜನ ಆ ಮುಂದಿನ ಮೈಯ ಕಡೆಗೆ ಜಾರಿ ನಿಂತರು. ನಾನು ಎಲ್ಲಿದ್ದೇನೆ ಅನ್ನುವುದೂ ಮೆದುಳಿನ ಒಂದು ಅಂದಾಜು ಅಷ್ಟೇ ಅಂತ ತೋರಿಸಿದ ಪ್ರಯೋಗ ಇದು.

ಮುಂದಿನ ಪ್ರಶ್ನೆ ಯಾರಿಗಾದರೂ ಹೊಳೆಯುತ್ತದೆ. ಮೈಯ ಗಂಟು ಸಡಿಲವಾದವರು ಇಲ್ಲಿ ಇನ್ನೂ ಜಾಸ್ತಿ ಜಾರಬೇಕಲ್ಲವೇ? ಲೊಸಾನ್‌ನವರೇ ಪರೀಕ್ಷಿಸಿದರು. 2018ರಲ್ಲಿ ಬಂದ ಉತ್ತರ, ಇಲ್ಲ. ಸ್ಕಿಜೋಫ್ರೇನಿಯಾ ಇರುವವರೂ ಇಲ್ಲದವರೂ ಹೆಚ್ಚುಕಮ್ಮಿ ಒಂದೇ ಥರ. ಅಷ್ಟಕ್ಕೇ ನಿಲ್ಲದೆ, ಅಲ್ಲಿಯವರೆಗೆ ನಡೆದ ರಬ್ಬರ್ ಕೈ ಪ್ರಯೋಗಗಳನ್ನು ಒಟ್ಟಿಗೆ ಹಾಕಿ ಲೆಕ್ಕ ನೋಡಿದರು. ಅಲ್ಲೂ "ಈ ಮೈ ನನ್ನದು" ಅನ್ನುವುದರಲ್ಲಿ ಕೊರತೆ ಇದೆ ಅನ್ನಲು ಗಟ್ಟಿ ಆಧಾರ ಸಿಗಲಿಲ್ಲ.

ನಾನು ಮೊದಲೇ ಹೇಳಿದ ಎಡವು ಇದೇ. ಯಾಕೆ ಹೀಗಾಯಿತು? ನನಗೆ ಅನ್ನಿಸುವುದು, ಎಡವಟ್ಟು ಪ್ರಶ್ನೆ ಕೇಳುವ ರೀತಿಯಲ್ಲೇ ಇದೆ. "ರಬ್ಬರ್ ಕೈ ನಿಮ್ಮದೇ ಅನ್ನಿಸಿತಾ? ಒಂದರಿಂದ ಏಳರವರೆಗೆ ಅಂಕ ಕೊಡಿ" ಅಂತ ಕೇಳಿದರೆ, ದಿನವೂ ವಿಚಿತ್ರ ಅನುಭವಗಳ ನಡುವೆ ಬದುಕುವವರು ಧಾರಾಳವಾಗಿ ಅಂಕ ಕೊಡಬಹುದು. ಬ್ರಶ್ ಹೊಂದಿದಾಗಲೂ ಕೊಡುತ್ತಾರೆ, ಹೊಂದದಿದ್ದಾಗಲೂ ಕೊಡುತ್ತಾರೆ. ಎರಡರ ನಡುವಿನ ವ್ಯತ್ಯಾಸವನ್ನು ಅಳೆದರೆ ಮಾತ್ರ ಮೋಡಿಯ ನಿಜವಾದ ಜೋರು ಗೊತ್ತಾಗುವುದು. ಜೊತೆಗೆ, ಒಂದೊಂದು ಪ್ರಯೋಗದಲ್ಲೂ ಜನ ಕಮ್ಮಿ.

ನಾನು ಆಡಿಸಿದ ಕೈ, ಅದು ಆಡಿದ ಕೈ

ಹೋದ ವರ್ಷ ಗೆಳೆಯನ ಮನೆಯಲ್ಲಿ ಅವನ ಮಗ ನನಗೆ ವಿಆರ್ ಹೆಡ್‌ಸೆಟ್ ತೊಡಿಸಿದ. ಕೆಳಗೆ ನೋಡಿದೆ. ಹೊಟ್ಟೆ ಇಲ್ಲ, ಕಾಲಿಲ್ಲ! ಗಾಳಿಯಲ್ಲಿ ತೇಲುವ ಎರಡು ನೀಲಿ ಕೈ ಮಾತ್ರ. ಮಣಿಕಟ್ಟಿನಿಂದ ಆಚೆಗೆ ತೋಳೂ ಇಲ್ಲ. ಆದರೂ ಎರಡು ನಿಮಿಷದಲ್ಲಿ ಆ ನೀಲಿ ಕೈಗಳು ನನ್ನವೇ ಆದವು. ನಾನು ಬೆರಳು ಮಡಿಸಿದರೆ ಅವೂ ಮಡಿಸುತ್ತಿದ್ದವಲ್ಲ, ಅಷ್ಟು ಸಾಕಾಯಿತು. ಆಮೇಲೆ ಯಾಕೋ ಯಂತ್ರ ಸಿಕ್ಕಿಹಾಕಿಕೊಂಡಿತು. ನಾನು ಕೈ ಇಳಿಸಿದ ಮೇಲೂ ನೀಲಿ ಕೈ ಅಲ್ಲೇ ನಿಂತಿತ್ತು, ಒಂದು ಗಳಿಗೆ ಬಿಟ್ಟು ತಾನಾಗಿ ಇಳಿಯಿತು. ಬೆನ್ನಿನಲ್ಲಿ ಚಳಿ ಹತ್ತಿದಂತಾಯಿತು. ಕೈ ನನ್ನದೇ ಅನ್ನಿಸುತ್ತಿತ್ತು. ಇಳಿಸಿದ್ದು ನಾನಲ್ಲ. ಅಣ್ಣನ ಲೋಟ ನೆನಪಾಗಿ ಹೆಡ್‌ಸೆಟ್ ತೆಗೆದಿಟ್ಟೆ.

ಫ್ರಾನ್ಸಿನ ಲಿಯೋನ್‌ನಲ್ಲಿ ನಿಕೊಲಾ ಫ್ರಾಂಕ್, ಮಾರ್ಕ್ ಜೆನೆರೋ ಮೊದಲಾದವರು 2001ರಲ್ಲೇ ಇಂಥದ್ದನ್ನು ಬೇಕಂತಲೇ ಮಾಡಿದ್ದರು. ಜಾಯ್‌ಸ್ಟಿಕ್ ಹಿಡಿದ ಕೈ ಕನ್ನಡಿಯ ಕೆಳಗೆ ಅಡಗಿರುತ್ತದೆ. ಅದೇ ಜಾಗದಲ್ಲಿ ಕಂಪ್ಯೂಟರ್ ಬಿಡಿಸಿದ ಕೈ ಕಾಣುತ್ತದೆ. ಕೆಲವು ಸಲ ಆ ಕೈ ನಿಮ್ಮಂತೆಯೇ ಆಡುತ್ತದೆ. ಕೆಲವು ಸಲ ಒಂದಿಷ್ಟು ಓರೆಯಾಗಿ, ಕೆಲವು ಸಲ ಒಂದಿಷ್ಟು ತಡವಾಗಿ. ನೋಡಿದ್ದು ನಿಮ್ಮ ಚಲನೆಗೆ ಸರಿಯಾಗಿ ಹೊಂದಿತಾ, ಹೌದು ಅಥವಾ ಇಲ್ಲ, ಅಷ್ಟೇ ಪ್ರಶ್ನೆ. ಸ್ಕಿಜೋಫ್ರೇನಿಯಾ ಇರುವವರು "ಇಲ್ಲ" ಅನ್ನಬೇಕಾದರೆ ಚಿತ್ರದ ಕೈಗೆ ಇನ್ನೂ ಹೆಚ್ಚು ತಡ ಸೇರಿಸಬೇಕಾಯಿತು. ಓರೆಯ ವಿಷಯದಲ್ಲಿ, ಯಾರೋ ತಮ್ಮನ್ನು ಆಡಿಸುತ್ತಿದ್ದಾರೆ ಅನ್ನುವವರು ಉಳಿದ ರೋಗಿಗಳಿಗಿಂತಲೂ ಹಿಂದೆ ಬಿದ್ದರು.

ಓದುವಾಗ ಒಂದು ಕ್ಷಣ ಉಲ್ಟಾ ಅನ್ನಿಸುತ್ತದೆ. ನನ್ನ ಚಲನೆ ನನ್ನದಲ್ಲ ಅನ್ನುವವರು ಬೇರೆಯದನ್ನು ನನ್ನದು ಅನ್ನುತ್ತಿದ್ದಾರಲ್ಲ? ಆದರೆ ಎರಡಕ್ಕೂ ಕಾರಣ ಒಂದೇ ಇರಬಹುದು. ಕಾರ್ಬನ್ ಕಾಪಿಯ ಅಕ್ಷರ ಮಸುಕಾಗಿದ್ದರೆ ತರಿಸಿದ ಮೂಟೆಯನ್ನು ತರಿಸಿಲ್ಲ ಅನ್ನಬಹುದು, ತರಿಸದ ಮೂಟೆಯನ್ನು ಒಳಗೆ ಹಾಕಿಸಲೂಬಹುದು. ಲಂಡನ್ನಿನ ಪ್ಯಾಟ್ರಿಕ್ ಹಗಾರ್ಡ್ ಅವರ ಜೊತೆ ಕೆಲಸ ಮಾಡಿದ ಮಾರ್ಟಿನ್ ವಾಸ್ ಮತ್ತಿತರರು 2010ರಲ್ಲಿ ಇದನ್ನು ಇನ್ನಷ್ಟು ಬಿಡಿಸಿದರು. ಗುಂಡಿ ಒತ್ತಿದರೆ ಸದ್ದು ಬರುತ್ತದೆ, ಕೆಲವು ಸಲ ಬರುವುದೇ ಇಲ್ಲ. ನಾವು "ನಾನೇ ಮಾಡಿದೆ" ಅಂದುಕೊಳ್ಳುವುದು ಎರಡು ದಾರಿಯಲ್ಲಿ. ಸದ್ದು ಬರುತ್ತದೆ ಅಂತ ಮೊದಲೇ ಅಂದಾಜು ಮಾಡುತ್ತೇವೆ. ಬಂದ ಮೇಲೆ ಹಿಂದೆ ತಿರುಗಿ ನೋಡಿ ಲೆಕ್ಕ ಹೊಂದಿಸುತ್ತೇವೆ. ಸ್ಕಿಜೋಫ್ರೇನಿಯಾ ಇರುವವರಲ್ಲಿ ಮೊದಲ ದಾರಿ ಸೊರಗಿತ್ತು, ಎರಡನೆಯದೇ ಎಲ್ಲ ಭಾರ ಹೊತ್ತಿತ್ತು. ಆದ ಮೇಲೆ ನೋಡಿ ತಿಳಿದುಕೊಳ್ಳುವ ಬದುಕು ಅದು.

ಬೆನ್ನ ಹಿಂದೆ ಯಾರೋ

ಹಾಗಾದರೆ ಕಾಯಿಲೆ ಇಲ್ಲದವರ ಕಾಪಿಯನ್ನು ಬೇಕಂತಲೇ ಕೆಡಿಸಿದರೆ?

2006ರಲ್ಲಿ ಶಹರ್ ಆರ್ಜಿ, ಬ್ಲಾಂಕೆ ಮತ್ತು ಇತರರು ಒಂದು ಪ್ರಸಂಗ ಬರೆದರು. ಮೂರ್ಛೆರೋಗದ ತಪಾಸಣೆಗೆ ಬಂದ 22 ವರ್ಷದ ಯುವತಿಯ ಮೆದುಳಿನ ಎಡಭಾಗದಲ್ಲಿ, ಕಿವಿಯ ಮೇಲೆ ಸ್ವಲ್ಪ ಹಿಂದಕ್ಕೆ, ವೈದ್ಯರು ಸಣ್ಣ ವಿದ್ಯುತ್ ಹರಿಸಿದರು. ಹಿಂದೆ ಯಾರೋ ಇದ್ದಾರೆ ಅಂದಳು. ಮಲಗಿದ್ದಾಗ ಅವನೂ ಮಲಗಿದ್ದ. ಎದ್ದು ಕೂತು ಮೊಣಕಾಲು ತಬ್ಬಿಕೊಂಡಾಗ ಅವನೂ ಕೂತು ಅವಳನ್ನು ತಬ್ಬಿಕೊಂಡಿದ್ದ. ಕಾರ್ಡ್ ಹಿಡಿದು ಪರೀಕ್ಷೆ ಮಾಡುವಾಗ ಅವನು ಅದನ್ನು ಕಿತ್ತುಕೊಳ್ಳಲು ನೋಡುತ್ತಿದ್ದಾನೆ ಅಂದಳು. ಅವಳಿಗೆ ಸ್ಕಿಜೋಫ್ರೇನಿಯಾ ಇರಲಿಲ್ಲ. ತನ್ನದೇ ಮೈಯ ಭಂಗಿಗಳು ಇನ್ನೊಬ್ಬನಾಗಿ ಕಾಣಿಸಿದ್ದವು, ಅದೂ ಕೆಟ್ಟ ಉದ್ದೇಶ ಹೊತ್ತ ಇನ್ನೊಬ್ಬನಾಗಿ.

2014ರಲ್ಲಿ ಅದೇ ಬಳಗ ವಿದ್ಯುತ್ ಇಲ್ಲದೆ ಇದನ್ನು ಮಾಡಿ ತೋರಿಸಿತು. ಆರೋಗ್ಯವಂತರ ಕಣ್ಣಿಗೆ ಬಟ್ಟೆ ಕಟ್ಟಿ, ಮುಂದಿನ ರೋಬೋಟಿನ ಹಿಡಿಕೆ ಆಡಿಸಲು ಹೇಳಿದರು. ಹಿಂದೆ ಇನ್ನೊಂದು ರೋಬೋಟ್ ಅದೇ ಚಲನೆಯಲ್ಲಿ ಅವರ ಬೆನ್ನು ಮುಟ್ಟುತ್ತದೆ. ಎರಡೂ ಒಟ್ಟಿಗೆ ಆದರೆ ತನ್ನ ಬೆನ್ನನ್ನು ತಾನೇ ಮುಟ್ಟಿಕೊಂಡಂತೆ ಅನ್ನಿಸುತ್ತಿತ್ತು. ಅರ್ಧ ಸೆಕೆಂಡ್ ತಡ ಸೇರಿಸಿದಾಗ ಕೋಣೆಯಲ್ಲಿ ಬೇರೆ ಯಾರೋ ಇದ್ದಾರೆ, ಅವರು ಮುಟ್ಟುತ್ತಿದ್ದಾರೆ ಅಂತ ಕೆಲವರಿಗೆ ಅನ್ನಿಸಿತು. ಹೆದರಿ, ಸಾಕು ನಿಲ್ಲಿಸಿ ಅಂದವರೂ ಇದ್ದರು. 2020ರಲ್ಲಿ ಕಾಯಿಲೆಯ ಶುರುವಿನಲ್ಲಿದ್ದವರಿಗೆ ಇದೇ ರೋಬೋಟ್ ಕೊಟ್ಟು, ಕೇಳುವ ದನಿ ನಿಮ್ಮದಾ ಬೇರೆಯವರದಾ ಅಂತ ಗುರುತಿಸಲು ಹೇಳಿದರು. ಯಾರೋ ಆಡಿಸುತ್ತಿದ್ದಾರೆ ಅನ್ನುವ ಲಕ್ಷಣ ಇದ್ದವರಲ್ಲಿ ಬೆನ್ನಿನ ಮೇಲಿನ ಈ ಕಾಲದ ಆಟ ದನಿ ಗುರುತಿಸುವುದನ್ನೂ ಅಲುಗಾಡಿಸಿತು. ಬೆನ್ನಿಗೂ ಕಿವಿಗೂ ಏನು ಸಂಬಂಧ ಅನ್ನಬೇಡಿ. ಲೆಕ್ಕದ ಪುಸ್ತಕ ಒಂದೇ.

ಮೈ ಚರ್ಮಕ್ಕೇ ಮುಗಿಯುವುದೂ ಇಲ್ಲ. ರಶ್ ಇರುವ ಸಿಟಿ ಬಸ್ಸಿನಲ್ಲಿ ಯಾರೋ ತೀರಾ ಹತ್ತಿರ ನಿಂತರೆ, ಮುಟ್ಟದಿದ್ದರೂ ಇರಿಸುಮುರಿಸಾಗುತ್ತದಲ್ಲ, ಆ ಜಾಗವೂ ಒಂಥರಾ ನಮ್ಮದೇ. ವಾಂಡರ್‌ಬಿಲ್ಟ್‌ನವರು ವಿಆರ್‌ನಲ್ಲಿ ವಸ್ತುಗಳನ್ನೂ ಆಕೃತಿಗಳನ್ನೂ ಹತ್ತಿರ ತಂದು ಈ ಬೇಲಿ ಎಲ್ಲಿದೆ ಅಂತ ಅಳೆಯುತ್ತಾರೆ. ಆಕ್ಸ್‌ಫರ್ಡ್‌ನ ಡೇನಿಯಲ್ ಫ್ರೀಮನ್ 2014ರಲ್ಲಿ ಇನ್ನೊಂದು ಚಮತ್ಕಾರ ಮಾಡಿದರು. ಬೇರೆಯವರ ಮೇಲೆ ಸಂಶಯ ಪಡುವ ಸ್ವಭಾವ ಇದ್ದ 60 ಮಹಿಳೆಯರನ್ನು ವಿಆರ್ ಮೆಟ್ರೋ ರೈಲಿಗೆ ಹತ್ತಿಸಿ, ಒಂದು ಸಲ ಅವರ ಎತ್ತರದಲ್ಲೇ, ಇನ್ನೊಂದು ಸಲ ಕುಳ್ಳಗಾಗಿಸಿ ಪ್ರಯಾಣ ಮಾಡಿಸಿದರು. ಕುಳ್ಳಗಾದಾಗ ಅವರಿಗೆ ತಮ್ಮ ಬಗ್ಗೆ ಕೀಳರಿಮೆಯೂ ಸಹಪ್ರಯಾಣಿಕರ ಮೇಲೆ ಸಂಶಯವೂ ಜಾಸ್ತಿಯಾಯಿತು. ಅಲ್ಲಿದ್ದ ಸಹಪ್ರಯಾಣಿಕರೆಲ್ಲ ಬರೀ ಕಂಪ್ಯೂಟರ್ ಚಿತ್ರಗಳು!

ಇದರಿಂದ ಕಾಯಿಲೆ ವಾಸಿಯಾಗುತ್ತದಾ?

ಮನೆಯವರು ಕೇಳುವ ಪ್ರಶ್ನೆ ಇದು. ಕೈ ಮತ್ತು ಬೆನ್ನಿನ ಈ ಪ್ರಯೋಗಗಳು ಚಿಕಿತ್ಸೆಗಳಲ್ಲ, ಕಾಯಿಲೆ ಅರ್ಥ ಮಾಡಿಕೊಳ್ಳುವ ಸಾಧನಗಳು. ದನಿಗಳ ವಿಷಯದಲ್ಲಿ ಮಾತ್ರ ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ. ಲಂಡನ್ನಿನ ಜೂಲಿಯನ್ ಲೆಫ್ 2008ರಲ್ಲಿ ಯೋಚಿಸಿದ ಅವತಾರ್ ಥೆರಪಿಯಲ್ಲಿ, ತನ್ನನ್ನು ಬೈಯುವ ದನಿಗೆ ರೋಗಿಯೇ ಕಂಪ್ಯೂಟರಿನಲ್ಲಿ ಮುಖ ಕಟ್ಟುತ್ತಾರೆ, ಸ್ವರ ಆರಿಸುತ್ತಾರೆ. ಪಕ್ಕದ ಕೋಣೆಯಲ್ಲಿ ಕೂತ ಥೆರಪಿಸ್ಟ್ ಆ ಮುಖದಿಂದ ಮಾತಾಡುತ್ತಾರೆ. ರೋಗಿ ಎದುರುತ್ತರ ಕೊಡುವುದನ್ನು ಕಲಿಯುತ್ತಾ ಹೋದಂತೆ ಆ ಮುಖ ತಣ್ಣಗಾಗುತ್ತದೆ. 2018ರಲ್ಲಿ ಪ್ರಕಟವಾದ 150 ಜನರ ಪರೀಕ್ಷೆಯಲ್ಲಿ 12 ವಾರಕ್ಕೆ ಇದು ಆಪ್ತಸಮಾಲೋಚನೆಗಿಂತ ಮೇಲಾಗಿತ್ತು. 24 ವಾರದ ಹೊತ್ತಿಗೆ ಎರಡರ ಅಂತರ ಹೇಳಿಕೊಳ್ಳುವಷ್ಟು ಉಳಿಯಲಿಲ್ಲ. ಕೆನಡಾದ ಮಾಂಟ್ರಿಯಲ್‌ನವರು ಇದನ್ನು ಪೂರ್ತಿ ವಿಆರ್‌ಗೆ ತಂದಿದ್ದಾರೆ.

ನಮ್ಮ ಕಡೆಯ ಕೆಲಸವೂ ಇದೆ. ಮಾತ್ರೆಗೆ ಬಗ್ಗದ ದನಿಗಳಿಗೆ ತಲೆಯ ಮೇಲಿಂದ ಸಣ್ಣ ವಿದ್ಯುತ್ ಕೊಡುವ ವಿಧಾನವನ್ನು ನಿಮ್ಹಾನ್ಸ್‌ನಲ್ಲಿ ಪರೀಕ್ಷಿಸಿದ್ದಾರೆ. ಅದೇ ನಿಮ್ಹಾನ್ಸ್‌ನ ವೈದ್ಯರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 61 ರೋಗಿಗಳನ್ನು ಎರಡು ಗುಂಪು ಮಾಡಿ, ಮಾತ್ರೆಯ ಜೊತೆಗೆ ಒಂದು ಗುಂಪಿಗೆ ಯೋಗ, ಇನ್ನೊಂದಕ್ಕೆ ವ್ಯಾಯಾಮ ಕೊಟ್ಟರು. ನಾಲ್ಕು ತಿಂಗಳ ಕೊನೆಗೆ ಯೋಗದ ಗುಂಪು ಚೆನ್ನಾಗಿತ್ತು. ಮೈಯ ಅರಿವು ಸರಿಹೋಗಿದ್ದಕ್ಕೇ ಹಾಗಾಯಿತು ಅಂತ ನಾವು ಗಂಟು ಹಾಕಬಾರದು, ಅದನ್ನು ಅವರು ಅಳೆಯಲು ಹೊರಟಿರಲಿಲ್ಲ. ಮಾತ್ರೆ ಬಿಟ್ಟು ಯೋಗ ಅಂತಂತೂ ಯಾರೂ ಹೇಳಿಲ್ಲ. ಕಾಯಿಲೆ ಇರುವವರಿಗೆ ಕುತೂಹಲಕ್ಕೆ ಅಂತ ಹೆಡ್‌ಸೆಟ್ ತೊಡಿಸುವುದೂ ಬೇಡ. ಯಾರ ಹತ್ತಿರ ಹೋಗುವುದು ಅಂತ ಗೊತ್ತಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು.

ಅಣ್ಣನಿಗೆ ಈಗ ಐವತ್ತರ ಹತ್ತಿರ. ಮಾತ್ರೆ ತಪ್ಪಿಸುವುದಿಲ್ಲ, ದೊಡ್ಡಪ್ಪನ ಅಂಗಡಿಯ ಲೆಕ್ಕ ನೋಡಿಕೊಳ್ಳುತ್ತಾನೆ. ಈ ಲೇಖನ ಬರೆಯುವ ಮೊದಲು ಅವನನ್ನು ಕೇಳಿದೆ, "ಈಗ್ಲೂ ಹಂಗನ್ಸುತ್ತಾ ಅಣ್ಣ?"

"ಇಲ್ಲ, ಯಾವಾಗ್ಲೋ ಒಂದ್ಸಲ" ಅಂದ. ಆಮೇಲೆ ಏನೋ ನೆನಪಾದಂತೆ, "ಆದ್ರೆ ಕತ್ತಲಲ್ಲಿ ನೀರು ಕುಡಿಯಲ್ಲ ನಾನು. ಲೈಟ್ ಹಾಕ್ಕೊಂಡು, ಕೈ ನೋಡ್ಕೊಂಡೇ ಲೋಟ ಎತ್ತೋದು. ನೋಡ್ತಿದ್ರೆ ಸರಿಯಾಗಿರುತ್ತೆ" ಅಂದ.